ದುರುಗಪ್ಪನಿಗೆ ಲಾಲ್‌ಸಾಬ ಕಟ್ಟಿದ ಜೋಡಿ

ಪಿಂಜಾರ ಲಾಲ್‌ಸಾಬನನ್ನು ನ್ಯಾಮತಿಯ ಜನ ಎರಡು ಕೆಲಸಕ್ಕೆ ಕರೆಯುತ್ತಿದ್ದರು. ಗಾದಿಯ ಹತ್ತಿ ಗಂಟುಗಟ್ಟಿದಾಗ ಹಿಂಜಲು, ಕುಸ್ತಿ ಬಂದಾಗ ಜೋಡಿ ಕಟ್ಟಲು. ಮೊದಲನೆಯದಕ್ಕೆ ಕೂಲಿ ಸಿಗುತ್ತಿತ್ತು. ಎರಡನೆಯದಕ್ಕೆ ಸಿಗುತ್ತಿದ್ದದ್ದು ಒಂದು ತೆಂಗಿನಕಾಯಿ, ಒಂದು ಹೊಸ ಟವೆಲ್ಲು, ಸೋತವನ ಊರಿನವರ ಬೈಗಳು.

ಜೋಡಿ ಕಟ್ಟುವುದೆಂದರೆ ಯಾರಿಗೆ ಯಾರು ಸಾಟಿ ಎಂದು ಆರಿಸುವುದು. ಸುತ್ತಮುತ್ತಲಿಂದ ಬಂದ ಪೈಲ್ವಾನರು ಅಖಾಡದ ದಂಡೆಗೆ ಸಾಲಾಗಿ ನಿಂತಿರುತ್ತಾರೆ. ಲಾಲ್‌ಸಾಬ ಅವರೊಳಗಿಂದ ಇಬ್ಬರನ್ನು ಎಳೆದು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸುತ್ತಿದ್ದ. ಕತ್ತಿನ ಹಿಂದೆ ಅಂಗೈ ಇಡುತ್ತಿದ್ದ. "ಬೆಳಿಗ್ಗೆ ಏನ್ ತಿಂದ್ಯಪ್ಪ?" ಎಂದು ಮಾತಿಗೆಳೆದು, ಮಾತನ್ನು ಬಿಟ್ಟು ಉಸಿರನ್ನು ಕೇಳುತ್ತಿದ್ದ. ಆಮೇಲೆ ಇಬ್ಬರ ಬಲಗೈಯನ್ನೂ ಟವೆಲ್ಲಿನಿಂದ ಸೇರಿಸಿ ಕಟ್ಟಿ, ಅದರ ತುದಿ ಹಿಡಿದು ಅಖಾಡದ ಸುತ್ತ ಒಂದು ಸುತ್ತು ನಡೆಸುತ್ತಿದ್ದ. ಟವೆಲ್ಲು ಒಂದೇ ಕಡೆಗೆ ಜಗ್ಗಿತೋ, ನಡುದಾರಿಯಲ್ಲೇ ಗಂಟು ಬಿಚ್ಚಿ "ಈ ಜೋಡಿ ಬ್ಯಾಡ" ಎಂದು ಬಿಡುತ್ತಿದ್ದ. ಆ ಮಾತಿನ ಮೇಲೆ ಶಾನುಭೋಗರೂ ಮಾತಾಡುತ್ತಿರಲಿಲ್ಲ.

ಅವನೇನು ದೊಡ್ಡ ಪೈಲ್ವಾನನಾಗಿರಲಿಲ್ಲ. ವಯಸ್ಸಿನಲ್ಲಿ ನಾಲ್ಕಾರು ಕಡೆ ಇಳಿದು, ಇಳಿದಲ್ಲೆಲ್ಲ ಬೆನ್ನಿಗೆ ಮಣ್ಣು ಹಚ್ಚಿಕೊಂಡು, ಕೊನೆಗೆ ಮೊಣಕಾಲು ಮುರಿದುಕೊಂಡು ಕುಂಟುತ್ತ ಮನೆಗೆ ಬಂದವನು. ಆದರೆ ಅವನು ಕಟ್ಟಿದ ಜೋಡಿಯಲ್ಲಿ ಯಾರ ಮೂಳೆಯೂ ಮುರಿದಿರಲಿಲ್ಲ. ಬಹಳಷ್ಟು ಕುಸ್ತಿಗಳು ಸಮವಾಗಿಯೇ ಮುಗಿಯುತ್ತಿದ್ದವು. ಜನಕ್ಕೆ ಇದು ಹಿಡಿಸುತ್ತಿರಲಿಲ್ಲ. ಅವರಿಗೆ ಮೊದಲೇ ಫಲಿತಾಂಶ ಬೇಕು.

"ಯಾರು ಗೆಲ್ತಾರ್ರೀ ಸಾಬ್ರೆ? ಕಿವಿಯಾಗಾದ್ರೂ ಹೇಳ್ರಿ."

"ನಂಗೆ ಗೊತ್ತಾಗಿದ್ರೆ ಜೋಡಿ ಯಾಕೆ ಕಟ್ತಿದ್ದೆ?"

ಅದು ತಮಾಷೆಯಲ್ಲ, ಅವನ ನೇಮ. ಯಾರು ಬೀಳುತ್ತಾರೆಂದು ಕಟ್ಟುವವನಿಗೆ ತಿಳಿದರೆ ಅದು ಜೋಡಿಯಲ್ಲ, ಕೊಲೆ ಎನ್ನುತ್ತಿದ್ದ. ಇಡೀ ಬದುಕಿನಲ್ಲಿ ಒಂದೇ ಒಂದು ಸಲ, ಯಾರು ಬೀಳುತ್ತಾರೆಂದು ಚೆನ್ನಾಗಿ ಗೊತ್ತಿದ್ದೂ ಟವೆಲ್ಲು ಕಟ್ಟಿದ. ಬಿದ್ದವನು ಅವನ ಗೆಳೆಯ ದುರುಗಪ್ಪ.

ದುರುಗಪ್ಪ ಕೇರಿಯವನು. ಗರಡಿ ಮನೆಯ ಹಳೆಯ ಉಸ್ತಾದರೊಬ್ಬರು ಯಾರ ಮಾತಿಗೂ ಸೊಪ್ಪು ಹಾಕದೆ ಅವನನ್ನು ಒಳಗೆ ಬಿಟ್ಟುಕೊಂಡು ಸಾಮು ಕಲಿಸಿದ್ದರು. ಸಾವಿರದ ಒಂಬೈನೂರ ಅರವತ್ತೆಂಟರ ಉಗಾದಿ ಕುಸ್ತಿಯಲ್ಲಿ ಅವನು ಬೆಳ್ಳಿ ಕಟ್ಟಿನ ಗದೆ ಹಿಡಿದ. ಆ ಗರಡಿಗೆ ಹಿಂದಿನಿಂದ ಬಂದ ಒಂದು ಕಟ್ಟಳೆಯಿತ್ತು. ಇನ್ನೊಬ್ಬ ಬೆನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡುವ ತನಕ ಗದೆ ಹಿಡಿದವನದೇ, ಅವನು ಯಾರನ್ನು ಕೈ ಹಿಡಿದು ಕರೆತಂದರೂ ಅವರಿಗೆ ಗರಡಿಯ ಬಾಗಿಲು ತೆಗೆಯಬೇಕು. ದುರುಗಪ್ಪ ಮರುದಿನವೇ ಕೇರಿಯ ಹುಡುಗರನ್ನೆಲ್ಲ ಕರೆದುಕೊಂಡು ಒಳಗೆ ಹೋದ. ಕಟ್ಟಳೆ ಮಾಡಿದವರು ಇಂಥ ದಿನವೊಂದು ಬರುತ್ತದೆಂದು ಎಣಿಸಿರಲಿಲ್ಲ. ಕೆಲವರು ಆವತ್ತಿನಿಂದ ಗರಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಉಳಿದವರು ಹಲ್ಲು ಕಚ್ಚಿಕೊಂಡು ಅದೇ ಕೆಮ್ಮಣ್ಣಿನಲ್ಲಿ ಹೊರಳಿದರು.

ಎರಡು ವರ್ಷಕ್ಕೆ ಉಸ್ತಾದರು ತೀರಿಕೊಂಡರು. ಗದೆ ಹೊಟ್ಟೆ ತುಂಬಿಸುವುದಿಲ್ಲವಲ್ಲ, ದುರುಗಪ್ಪ ಹೆಂಡತಿ ಕಾಟಮ್ಮನನ್ನು ಕರೆದುಕೊಂಡು ಬಳ್ಳಾರಿ ಕಡೆಯ ಅದಿರು ಗಣಿಗೆ ಕೂಲಿ ಹೋದ. ಅವನ ಬೆನ್ನು ಊರಾಚೆ ಕಂಡದ್ದೇ ತಡ, "ಗದೆ ಹಿಡಿದವನೇ ಇಲ್ಲ, ನಿಮ್ಮನ್ನು ಕರೆತಂದವರು ಯಾರು?" ಎಂದು ಹುಡುಗರನ್ನು ಹೊರಗೆ ಹಾಕಿದರು. ಹುಡುಗರು ಗಂಡಸರಾಗಿ, ಅವರಿಗೂ ಮಕ್ಕಳಾದವು. ಬಾಗಿಲು ಹಾಗೆಯೇ ಇತ್ತು. ಹೋಟೆಲುಗಳಲ್ಲಿ ಲೋಟ ಬೇರೆ ಇಡುವುದರ ವಿರುದ್ಧ ಹೊನ್ನಾಳಿಯಲ್ಲಿ, ಚನ್ನಗಿರಿಯಲ್ಲಿ ಮೆರವಣಿಗೆ ಮಾಡುತ್ತಿದ್ದ ಕಾಲ ಅದು. ಮೆರವಣಿಗೆ ಹೋದ ಮೇಲೆ ಲೋಟ ಮತ್ತೆ ಬೇರೆಯಾಗುತ್ತಿತ್ತು. ಹಾಗಾಗಿ ಎಪ್ಪತ್ತೆಂಟರ ಕೊನೆಯಲ್ಲಿ ದುರುಗಪ್ಪ ಗಣಿ ಬಿಟ್ಟು ಊರಿಗೆ ಬಂದಾಗ ಕೇರಿಗೆ ಕೇರಿಯೇ ಎದ್ದು ಕೂತದ್ದರಲ್ಲಿ ಆಶ್ಚರ್ಯವಿಲ್ಲ. ಭಾಷಣಕ್ಕೆ ಬಗ್ಗದ ಬಾಗಿಲು ಮುಚ್ಚಿದವರದೇ ಕಟ್ಟಳೆಗೆ ಬಗ್ಗಬೇಕಾಗಿತ್ತು.

ಬಂದವನು ನೇರವಾಗಿ ಲಾಲ್‌ಸಾಬನ ಅಂಗಡಿಗೆ ಹೋದ. ಲಾಲ್‌ಸಾಬ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದ. ಅಂಗಡಿಯೆಲ್ಲ ಬಿಳಿ ಧೂಳು.

"ಲೇ ಲಾಲ್ಯಾ, ಇನ್ನೂ ಇದನ್ನೇ ಟೊಂಯ್ ಟೊಂಯ್ ಅನ್ನಿಸ್ಕೋತ ಕೂತೀಯಲ್ಲೋ."

"ನೀನು ಗುಡ್ಡ ಅಗೆದು ಬಂಗಾರ ತರ್ತೀಯ ಅಂತ ಕಾಯ್ತಿದ್ದೆ. ಬರಿಗೈಲಿ ಬಂದಂಗೈತೆ."

ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ದುರುಗಪ್ಪನಿಗೆ ಕೆಮ್ಮು ಹತ್ತಿತು. ಸಣ್ಣ ಕೆಮ್ಮಲ್ಲ, ಹೊಟ್ಟೆಯ ಬುಡದಿಂದ ಕಿತ್ತುಕೊಂಡು ಬರುವಂಥದು. ಅಂಗಡಿಯ ಕಂಬ ಹಿಡಿದು ನಿಂತ. ಲಾಲ್‌ಸಾಬ ಬಿಲ್ಲು ಕೆಳಗಿಟ್ಟ.

"ನಿಲ್ಲಿಸಬ್ಯಾಡ, ಹಿಂಜು."

"ಧೂಳು ಬರ್ತೈತೆ ದುರುಗ, ಹೊರಗೆ ಕೂರಾಣ."

"ಹಿಂಜು ಅಂದೆ. ನಂಗೇನಾಗೈತೆ?" ಎಂದು ದುರುಗಪ್ಪ ಧೂಳಿನ ನಡುವೆಯೇ ಕೂತ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕತ್ತಿನ ನರ ಉಬ್ಬಿತ್ತು. ಲಾಲ್‌ಸಾಬ ಅವನ ಮುಖ ನೋಡದೆ ಹತ್ತಿ ಹಿಂಜಿದ. ದುರುಗಪ್ಪ ಉಸಿರು ಹಿಡಿದು ಹಿಡಿದು ತಾನು ಬಂದ ಕಾರಣ ಹೇಳಿದ. ಉಗಾದಿಗೆ ಅಖಾಡಕ್ಕೆ ಇಳಿಯುತ್ತೇನೆ. ಹುಡುಗರಿಗೆ ಬಾಗಿಲು ತೆಗೆಸುತ್ತೇನೆ. ಜೋಡಿ ನೀನೇ ಕಟ್ಟಬೇಕು.

ಅವನು ಎದ್ದು ಹೋಗುವಾಗ ಲಾಲ್‌ಸಾಬ ಬೆನ್ನು ತಟ್ಟಿದ ಹಾಗೆ ಮಾಡಿ ಅಂಗೈಯನ್ನು ಅಲ್ಲೇ ಒಂದು ಗಳಿಗೆ ಇಟ್ಟ. ಒಳಗೆ ಗಿರಣಿ ಓಡಿದ ಹಾಗೆ ಗರಗರ ಎನ್ನುತ್ತಿತ್ತು. ಹಿಂದೆ ಆ ಬೆನ್ನಿಗೆ ಬಡಿದರೆ ಬಡಿದವನ ಕೈಯೇ ನೋಯುತ್ತಿತ್ತು.

ಕುಸ್ತಿ ಕಮಿಟಿಯ ಅಧ್ಯಕ್ಷ ಅಡಿಕೆ ಮಂಡಿಯ ವಿರೂಪಾಕ್ಷಪ್ಪ. ಎಂದೂ ದನಿ ಎತ್ತಿ ಮಾತಾಡಿದ ಮನುಷ್ಯನಲ್ಲ. ಇಂಥವರ ಬಗ್ಗೆ ಹುಷಾರಾಗಿರಬೇಕು. ಲಾಲ್‌ಸಾಬನನ್ನು ಮಂಡಿಗೆ ಕರೆಸಿ, ಟೀ ತರಿಸಿ, ಮಾತಿಗೆ ಕೂತರು.

"ಬಾಗಿಲು ತೆಗೆಯಾಕೆ ನಮ್ದೇನು ಅಡ್ಡಿ ಐತ್ರೀ ಸಾಬ್ರೆ? ಕಟ್ಟಳೆ ಅಂದ್ರೆ ಕಟ್ಟಳೆ. ಆದ್ರೆ ಇಷ್ಟು ವರ್ಷ ಧೂಳು ಹಿಡಿದ ಗದೆ. ಹಿಡಿದವನು ಒಂದ್ಸಲ ಅಖಾಡಕ್ಕಿಳಿದು ತೋರಿಸ್ಲಿ. ಚಿತ್ ಆದ್ರೆ ಗದೆ ಬಿಟ್ಟುಕೊಡ್ಲಿ. ಗೆದ್ರೆ ಅವನ್ದೇ. ಸಮ ಆದ್ರೂ ಅವನ್ದೇ, ಆತಾ? ಇದಕ್ಕಿಂತ ನ್ಯಾಯ ಬೇಕೇನ್ರಿ?"

"ಎದುರಿಗೆ ಯಾರು?"

"ಜಗಳೂರಿನ ಮೂಕಪ್ಪ."

ಲಾಲ್‌ಸಾಬ ಟೀ ಲೋಟ ಕೆಳಗಿಟ್ಟ. "ಅವನು ಪೈಲ್ವಾನ ಅಲ್ಲ, ಬಡಿದಾಟದವನು. ಗರಡಿ ಮೆಟ್ಟಿಲು ಹತ್ತಿದವನಲ್ಲ. ಬಸ್‌ಸ್ಟ್ಯಾಂಡಿನಾಗೆ ಜನರನ್ನ ಎತ್ತಿ ಒಗೆಯೋನು."

"ಅಯ್ಯೋ, ಚಾಂಪಿಯನ್ನಿಗೆ ಪಟ್ಟು ಗೊತ್ತಿಲ್ಲದೋನು ಸಿಕ್ಕಿದ್ರೆ ಒಳ್ಳೇದೇ ಆತಲ್ರೀ. ಸುಲಭ ಆಗ್ತೈತೆ." ವಿರೂಪಾಕ್ಷಪ್ಪ ನಕ್ಕರು. "ನಿಮಗೆ ಈ ಜೋಡಿ ಆಗದಿದ್ರೆ ಬ್ಯಾಡ ಅಂದ್ಬಿಡ್ರಿ. ನಿಮ್ಮ ಮಾತೇ ಮಾತು. ದುರುಗಪ್ಪ ಕುಸ್ತಿಗೆ ಲಾಯಕ್ಕಿಲ್ಲ ಅಂತ ಲಾಲ್‌ಸಾಬ್ರೇ ಹೇಳಿದ್ರು ಅಂತ ಗದೆ ಒಳಗಿಟ್ಟುಬಿಡ್ತೀವಿ."

ಬಲೆ ಎಷ್ಟು ಚೊಕ್ಕವಾಗಿತ್ತು ನೋಡಿ. ಬೇಡ ಎಂದರೆ ಬಾಗಿಲು ಮುಚ್ಚಿಸಿದವನು ಲಾಲ್‌ಸಾಬ. ಹ್ಞೂ ಎಂದರೆ ಗೆಳೆಯನನ್ನು ಕೆಡವಿಸಿದವನು ಲಾಲ್‌ಸಾಬ. ವಿರೂಪಾಕ್ಷಪ್ಪನವರ ಕೈಗೆ ಎರಡರಲ್ಲೂ ಮಸಿ ಹತ್ತುವುದಿಲ್ಲ.

ಲಾಲ್‌ಸಾಬ ಹ್ಞೂ ಎಂದು ಬಂದ, ಸುದ್ದಿ ಹರಡಿತು. ಜಗಳೂರಿನಿಂದ ಚನ್ನಗಿರಿಯ ತನಕ, ಕೂತಲ್ಲಿ ನಿಂತಲ್ಲಿ ಇದೇ ಭವಿಷ್ಯ. ಹೊನ್ನಾಳಿಯ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೆಣಸಿನಕಾಯಿ ಬೋಂಡ ತಿನ್ನುವವರು ಬೋಂಡ ಬಿಟ್ಟು ವಾದ ಮಾಡಿದರು. "ಹುಲಿ ಮುದಿಯಾದ್ರೂ ಹುಲೀನೇ ಕಣಪ್ಪ. ದುರುಗ ಕತ್ತಿಗೆ ಕೈ ಹಾಕಿದ್ರೆ ಮುಗೀತು." ಚನ್ನಗಿರಿಯ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನು ಎದ್ದು ನಿಂತು ಆ ಕತ್ತಿನ ಪಟ್ಟು ಹೇಗೆಂದು ಕ್ಷೌರದವನ ಮೇಲೇ ತೋರಿಸಿದ. ನಲ್ಲೂರಿನ ಬೀಡಿ ಅಂಗಡಿಯಲ್ಲಿ ಅಣ್ಣ ತಮ್ಮಂದಿರು ಈ ಮಾತಿಗೆ ಮಾತು ಬಿಟ್ಟರು. ಜಗಳೂರಿನ ಕುರಿ ಸಂತೆಯಲ್ಲಿ ಮಾತ್ರ ಬೇರೆ ಲೆಕ್ಕ: "ಟಗರಿಗೆ ಪಟ್ಟು ಬರ್ತೈತೇನೋ? ಹಣೆ ಐತೆ, ಬಂದು ಹಾಯ್ತೈತೆ. ನಮ್ಮ ಮೂಕನೂ ಅಷ್ಟೇ. ಕೈಗೆ ಸಿಕ್ಕಿದ್ರೆ ಒಗೀತಾನೆ."

ಹೊನ್ನಾಳಿ ಕಡೆ ಹೆಚ್ಚಿನವರೆಲ್ಲ ದುರುಗಪ್ಪನ ಪರ. ತಮ್ಮ ಹಿತ್ತಲ ಬಾವಿಗೆ ಅವನನ್ನು ಬಿಡದವರೂ "ನಮ್ಮ ದುರುಗ" ಎನ್ನುತ್ತಿದ್ದರು. ಗೆಲ್ಲುತ್ತಿರುವ ತನಕ ಅವನು ತಾಲ್ಲೂಕಿನವನು, ನೀರು ಕೇಳಿದರೆ ಕೇರಿಯವನು.

ಲಾಲ್‌ಸಾಬನ ಅಂಗಡಿಗೆ ಜನ ಗಾದಿ ಇಲ್ಲದೆಯೂ ಬರತೊಡಗಿದರು. ಅವನದು ಒಂದೇ ಉತ್ತರ. ಮನೆಯಲ್ಲಿ ಹೆಂಡತಿ ಚಮನಬಿ ಮಾತ್ರ ಕೇಳಲಿಲ್ಲ, ಅವಳೇ ಹೇಳಿದಳು.

"ಆತ ಬೀಳ್ತಾನೆ ಅಲ್ವೇನ್ರೀ?"

"ನಿಂಗ್ಯಾರು ಹೇಳಿದ್ರು?"

"ಯಾರು ಹೇಳಬೇಕು? ನೀವು ಅನ್ನ ಉಣ್ಣೋದು ನೋಡಿದ್ರೆ ಸಾಲ್ದಾ? ಆತನಿಗೇ ಹೇಳ್ರಿ ಮತ್ತೆ. ಗೆಳೆಯ ಅಂತೀರಿ."

ಹೇಳಲು ಹೋದ. ಕೇರಿಯ ಬೇವಿನ ಮರದ ಕೆಳಗೆ ದುರುಗಪ್ಪ ಬಸ್ಕಿ ಹೊಡೆಯುತ್ತಿದ್ದ. ಸುತ್ತ ಗಂಡಸರು, ಹೆಂಗಸರು, ಮುದುಕರು. ಪ್ರತಿ ಬಸ್ಕಿಗೂ ಅವರ ಮುಖ ಅರಳುತ್ತಿತ್ತು. ಕಾಟಮ್ಮ ರಾಗಿ ಗಂಜಿ ಹಿಡಿದು ನಿಂತಿದ್ದಳು. ಲಾಲ್‌ಸಾಬನನ್ನು ಕಂಡು ದುರುಗಪ್ಪ ಪಕ್ಕಕ್ಕೆ ಬಂದ. ಉಸಿರು ಹತೋಟಿಗೆ ಬರಲು ಬಹಳ ಹೊತ್ತು ಹಿಡಿಯಿತು.

"ಏನು, ಮುಖ ಸೊಟ್ಟ ಮಾಡ್ಕಂಡು ಬಂದೀಯ? ನಿನ್ನ ಲೆಕ್ಕದಾಗೆ ನಾನು ಸೋಲ್ತೀನೇನು?"

ಲಾಲ್‌ಸಾಬ ಬಾಯಿ ತೆಗೆದ. ಅಷ್ಟು ಜನರ ಕಣ್ಣು ಅವನ ಮೇಲಿತ್ತು.

"ನಾನು ಯಾವತ್ತಾದ್ರೂ ಯಾರಿಗಾದ್ರೂ ಹೇಳೀನಾ?" ಎಂದ.

ನೇಮವೆಂಬುದು ಒಳ್ಳೆಯ ಕಂಬಳಿ. ಅದರೊಳಗೆ ಎಂಥ ಹೇಡಿತನವನ್ನೂ ಹೊದಿಸಿ ಮಲಗಿಸಬಹುದು.

ಮರುದಿನ ಲಾಲ್‌ಸಾಬ ದಾವಣಗೆರೆಯ ಬಸ್ಸು ಹತ್ತಿ, ಅಲ್ಲಿಂದ ಜಗಳೂರಿನ ಬಸ್ಸು ಹಿಡಿದ. ಮೂಕಪ್ಪ ಸಂತೆ ಮೈದಾನದ ಹತ್ತಿರ ಶೇಂಗಾ ಚೀಲ ಇಳಿಸುತ್ತಿದ್ದ. ಎರಡು ಚೀಲ ಒಟ್ಟಿಗೆ ಹೊತ್ತು ನಡೆಯುತ್ತಿದ್ದವನ ಕತ್ತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತಿರಲಿಲ್ಲ. ಕಂಡಕ್ಟರೊಬ್ಬನ ದವಡೆ ಮುರಿದವನು, ಹೆಂಡದಂಗಡಿಯ ಬೆಂಚನ್ನು ಜನ ಕೂತಂತೆಯೇ ಮಗುಚಿದವನು ಎಂದು ಹೆಸರಾಗಿದ್ದವನು. ಮಾತಾಡಿದರೆ ಕೆಟ್ಟವನಾಗಿರಲಿಲ್ಲ.

ಲಾಲ್‌ಸಾಬ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ದುರುಗಪ್ಪ ಎದೆ ಕೆಟ್ಟವನು. ಗೆಲ್ಲುವುದು ಬೇಡ, ಸಮ ಆದರೆ ಸಾಕು. ಸೀಟಿ ಊದುವ ತನಕ ಹಿಡಿದುಕೊಂಡಿರು, ಕೆಡವಬೇಡ. ಕೇರಿಯ ಮಕ್ಕಳಿಗೆ ಒಂದು ಬಾಗಿಲು ತೆಗೆಯುತ್ತದೆ.

ಮೂಕಪ್ಪ ಬೀಡಿ ಹಚ್ಚಿ ಯೋಚಿಸಿದ. "ಕೆಮ್ಮೋ ಮುದುಕನ್ನ ಕೆಡವಿದ್ರೆ ನಂಗೇನು ಹೆಸರು ಬರ್ತೈತ್ರೀ ಕಾಕಾ? ಆಗ್ಲಿ, ಕೆಡವಂಗಿಲ್ಲ."

ಲಾಲ್‌ಸಾಬ ಟವೆಲ್ಲಿನ ಗಂಟಿನಿಂದ ಗರಡಿಯ ಕೆಮ್ಮಣ್ಣು ತೆಗೆದು ಅವನ ಅಂಗೈಗೆ ಹಾಕಿದ. "ಇದನ್ನ ಹಿಡಿದು ಹೇಳಪ್ಪ."

"ಮಣ್ಣು ಯಾಕ್ರೀ? ಬಾಯಾಗೆ ಹೇಳಿದ್ರೆ ಸಾಲ್ದಾ?" ನಕ್ಕು ಹಿಡಿದ. ಆಮೇಲೆ ಏನೋ ನೆನಪಾಗಿ, "ಒಂದು ಮಾತು ಕಾಕಾ. ನಂಗೆ ಯಾರಾದ್ರೂ ಮುಖಕ್ಕೆ ಹೊಡೆದ್ರೆ ಆಮೇಲೆ ಏನ್ ಮಾಡ್ತೀನಿ ನಂಗೇ ಗೊತ್ತಾಗಂಗಿಲ್ಲ. ಕಣ್ಣು ಕಾಣಂಗಿಲ್ಲ. ಅದೊಂದು ಆಗದಂಗೆ ನೋಡ್ಕಳ್ರಿ" ಎಂದ.

ಲಾಲ್‌ಸಾಬನಿಗೆ ಎಷ್ಟೋ ದಿನದ ಮೇಲೆ ನಗು ಬಂತು. "ಕುಸ್ತಿಯಾಗೆ ಯಾರು ಮುಖಕ್ಕೆ ಹೊಡೀತಾರೋ ಹುಚ್ಚಪ್ಪ? ಗರಡಿಯಾಗೆ ಬೆಳೆದೋನು ಸತ್ರೂ ಕೈ ಎತ್ತಂಗಿಲ್ಲ."

ಮಣ್ಣಿನಲ್ಲಿ ಹೊರಳಿದ ಜನರೆಲ್ಲ ಮಾಡುವ ತಪ್ಪು ಇದು. ಬಡಿದಾಟದವನು ಮಾತು ಮುರಿಯಬಹುದೆಂದು ಹೆದರಿ ಅವನ ಕೈಯಲ್ಲಿ ಮಣ್ಣು ಹಿಡಿಸಿದ. ಗರಡಿಯವನ ಬಗ್ಗೆ ಹೆದರಿಕೆಯೇ ಹುಟ್ಟಲಿಲ್ಲ. ಒಪ್ಪಂದದ ಮಾತು ದುರುಗಪ್ಪನಿಗೂ ಹೇಳಲಿಲ್ಲ.

ಎಪ್ಪತ್ತೊಂಬತ್ತರ ಉಗಾದಿಯ ಮರುದಿನ, ಮಧ್ಯಾಹ್ನದ ಬಿಸಿಲು ತಗ್ಗುವ ಮೊದಲೇ ಜನ ಅಖಾಡದ ಸುತ್ತ ಗೋಡೆ ಕಟ್ಟಿದ ಹಾಗೆ ನಿಂತರು. ಲಾರಿಗಳ ಮೇಲೆ, ಹುಣಸೆ ಮರದ ಮೇಲೆ. ಕೇರಿಯವರು ಹಲಗೆ ಹಿಡಿದು ಒಂದು ಮೂಲೆಗೆ. ವಿರೂಪಾಕ್ಷಪ್ಪ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೈಗಡಿಯಾರ ನೋಡಿಕೊಂಡರು. ಹೊತ್ತು ಮುಗಿದಾಗ ಅವರು ಕೈ ಎತ್ತಬೇಕು, ಲಾಲ್‌ಸಾಬ ಸೀಟಿ ಊದಬೇಕು ಎಂದು ಮಾತು.

ಲಾಲ್‌ಸಾಬ ಇಬ್ಬರ ಕೈ ಸೇರಿಸಿ ಟವೆಲ್ಲು ಕಟ್ಟಿ ಸುತ್ತು ಹಾಕಿಸಿದ. ಟವೆಲ್ಲು ಮೊದಲ ಹೆಜ್ಜೆಯಿಂದಲೇ ಮೂಕಪ್ಪನ ಕಡೆಗೆ ಜಗ್ಗುತ್ತಿತ್ತು. ಮೂಕಪ್ಪನೇ ಎರಡು ಹೆಜ್ಜೆ ಹಿಂದೆ ಬಿದ್ದು ಸರಿಮಾಡಿಕೊಂಡ. ಗಂಟು ಬಿಚ್ಚುವಾಗ ಲಾಲ್‌ಸಾಬ ತಪ್ಪು ತುದಿ ಎಳೆದು ಇನ್ನಷ್ಟು ಬಿಗಿಮಾಡಿದ್ದನ್ನು ಹತ್ತಿರ ನಿಂತವರು ನೋಡಿದರು. ವಯಸ್ಸಾಯಿತು ಎಂದುಕೊಂಡರು.

ಮೊದಲಿಗೆ ಎಲ್ಲ ಚೆನ್ನಾಗಿಯೇ ಇತ್ತು. ದುರುಗಪ್ಪ ತೊಡೆ ತಟ್ಟಿದ ಸದ್ದಿಗೆ ಹಳಬರ ಮೈ ಜುಂ ಎಂದಿತು. ಒಳಗೆ ನುಗ್ಗಿ ಕಾಲು ಹಿಡಿದ, ಬಿಟ್ಟ, ಬೆನ್ನ ಹಿಂದೆ ಬಂದ. ಪಟ್ಟು ಒಂದೂ ಮರೆತಿರಲಿಲ್ಲ. ಹಿಡಿದದ್ದನ್ನು ಮುಗಿಸುವ ದಮ್ಮು ಮಾತ್ರ ಇರಲಿಲ್ಲ. ಕೇರಿಯ ಹಲಗೆ ಹುಚ್ಚೆದ್ದು ಮೊಳಗುತ್ತಿತ್ತು. ಹೋಗುತ್ತ ಹೋಗುತ್ತ ಅವನ ಬಾಯಿ ತೆರೆಯಿತು. ಸೊಂಟ ಬಗ್ಗಿತು. ಮೂಕಪ್ಪ ಮಾತಿನಂತೆ ಅವನನ್ನು ಹಿಡಿದುಕೊಂಡೇ ಇದ್ದ. ಕೆಡವಲು ಬಾರದವನಂತೆ ಹೆಣಗಾಡುವ ನಟನೆ. ಜನಕ್ಕೆ ಅದು ಕಾಣಲಿಲ್ಲ. "ಹುಲಿ, ಹುಲಿ!" ಎಂದು ಕೂಗಿದರು.

ಆದರೆ ಹಿಡಿತ ಬಿಗಿಯೋ ಸಡಿಲವೋ ಎಂಬುದು ಹಿಡಿಸಿಕೊಂಡವನಿಗೆ ಗೊತ್ತಾಗದಿರುತ್ತದೆಯೇ? ದುರುಗಪ್ಪ ಒಂದು ಸಲ ಬೇಕೆಂದೇ ಕಾಲು ತಪ್ಪಿದವನಂತೆ ಮೈ ಬಿಟ್ಟ. ಮೂಕಪ್ಪ ಕಂಕುಳಿಗೆ ಕೈ ಕೊಟ್ಟು ಅವನನ್ನು ಎತ್ತಿ ನಿಲ್ಲಿಸಿದ. ಬೀಳುವ ಮಗುವನ್ನು ಎತ್ತಿದ ಹಾಗೆ.

ದುರುಗಪ್ಪ ತಲೆ ತಿರುಗಿಸಿ ಲಾಲ್‌ಸಾಬನನ್ನು ನೋಡಿದ. ಜೋಡಿ ಕಟ್ಟಿದವನ ಕಣ್ಣು ಪೈಲ್ವಾನರ ಮೇಲಿಂದ ಕದಲಬಾರದು. ಲಾಲ್‌ಸಾಬನ ಕಣ್ಣು ಕಟ್ಟೆಯ ಮೇಲಿನ ಕೈಗಡಿಯಾರದ ಮೇಲಿತ್ತು. ಸೀಟಿ ಆಗಲೇ ತುಟಿಗೆ ಬಂದಿತ್ತು.

ದುರುಗಪ್ಪ ಕೊಸರಿಕೊಂಡು ಹಿಂದೆ ಸರಿದ.

"ಯಾರಲೇ ಹೇಳಿದ್ದು ನಿಂಗೆ?"

"ಸುಮ್ನಿರಣ್ಣ, ಆಗೇ ಹೋತು. ಇನ್ನೊಂಚೂರು" ಎಂದ ಮೂಕಪ್ಪ, ತುಟಿ ಅಲ್ಲಾಡಿಸದೆ.

"ಕುಸ್ತಿ ಮಾಡ್ತೀಯೋ, ಸೂಲಗಿತ್ತಿ ಕೆಲಸ ಮಾಡ್ತೀಯೋ?"

"ಅಣ್ಣಾ, ಬ್ಯಾಡ. ಹಿಡ್ಕ ನನ್ನ."

ದುರುಗಪ್ಪ ಬಲಗೈ ಎತ್ತಿ ಮೂಕಪ್ಪನ ಕೆನ್ನೆಗೆ ಬಿಟ್ಟ. ಅಖಾಡದಲ್ಲಿ ಅಂಥದ್ದೊಂದು ಸದ್ದನ್ನು ಆ ಊರು ಕೇಳಿರಲಿಲ್ಲ. ಹಲಗೆ ನಿಂತಿತು. ಲಾಲ್‌ಸಾಬ "ಮೂಕಾ!" ಎಂದು ಕಿರುಚಿದ. ಬಾಯಿಂದ ಸೀಟಿ ಮಣ್ಣಿಗೆ ಬಿತ್ತು. ವಿರೂಪಾಕ್ಷಪ್ಪ ಕೈ ಎತ್ತಲಿಲ್ಲ. ಹೊತ್ತು ಮುಗಿದಿತ್ತೋ ಇಲ್ಲವೋ, ಅದು ಅವರಿಗೂ ಅವರ ಗಡಿಯಾರಕ್ಕೂ ಬಿಟ್ಟ ವಿಷಯ.

ಮೂಕಪ್ಪ ತಾನು ಹೇಳಿದ್ದಂತೆಯೇ ಆದ. ಶೇಂಗಾ ಚೀಲ ಎತ್ತುವ ಹಾಗೆ ದುರುಗಪ್ಪನನ್ನು ಹೆಗಲ ಮೇಲಕ್ಕೆ ಎತ್ತಿ, ತಲೆಕೆಳಗು ಮಾಡಿ ಒಗೆದ. ಕತ್ತು ಮೊದಲು ನೆಲಕ್ಕೆ ಬಿತ್ತು, ಆಮೇಲೆ ಬೆನ್ನು. ಪೂರ್ತಿ ಬೆನ್ನು. ಚಿತ್.

ಜಗಳೂರಿನಿಂದ ಬಂದವರು ಮೊದಲು ಕೂಗಿದರು. ಆಮೇಲೆ ನಡೆದದ್ದು ಹೆಚ್ಚು ನಾಚಿಕೆಗೇಡು. ಹೊನ್ನಾಳಿಯವರು, ಚನ್ನಗಿರಿಯವರು, ಅರ್ಧ ಗಳಿಗೆಯ ಹಿಂದೆ "ನಮ್ಮ ದುರುಗ" ಎಂದವರು, "ಕೈ ಮಾಡಿದ ನನ್ಮಗ, ಜಾತಿಬುದ್ಧಿ ಎಲ್ಲಿ ಹೋಗ್ತೈತೆ" ಎನ್ನುತ್ತ ಚಪ್ಪಲಿ ಹುಡುಕಿಕೊಂಡರು. ದುರುಗಪ್ಪ ಮಲಗಿದಲ್ಲಿಂದ ಏಳಲಿಲ್ಲ. ಮೂಕಪ್ಪನಿಗೆ ಕಣ್ಣು ಕಾಣತೊಡಗಿದ ಮೇಲೆ ಅವನೇ ಮಂಡಿಯೂರಿ "ಏಳಣ್ಣ, ಏಳಣ್ಣ" ಎಂದು ಅಲ್ಲಾಡಿಸುತ್ತಿದ್ದ. ಲಾಲ್‌ಸಾಬ ಕುಂಟುತ್ತ ಬಂದು ಅವನ ಕೈ ತಳ್ಳಿ, "ಅಲ್ಲಾಡಿಸಬ್ಯಾಡ" ಎಂದ.

ದಾವಣಗೆರೆಯ ದೊಡ್ಡಾಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಹೆಚ್ಚೇನೂ ಹೇಳಲಿಲ್ಲ. ಕತ್ತಿನ ಕೆಳಗೆ ಎಡಗೈ ಒಂದಿಷ್ಟು ಉಳಿಯಿತು, ಮಿಕ್ಕದ್ದು ಹೋಯಿತು. ಗದೆಯನ್ನು ಕಮಿಟಿಯವರು ಒರೆಸಿ ಒಳಗಿಟ್ಟರು. ಗರಡಿಯ ಬಾಗಿಲ ಬಗ್ಗೆ ಆಮೇಲೆ ಹೆಚ್ಚಿನವರು ಮಾತೆತ್ತಲಿಲ್ಲ. ಮಾತೆತ್ತಿದವರಿಗೆ ವಿರೂಪಾಕ್ಷಪ್ಪ ಮೆಲ್ಲಗೆ ಹೇಳುತ್ತಿದ್ದರು: "ನಮ್ದೇನು ಅಡ್ಡಿ ಇರ್ಲಿಲ್ಲಪ್ಪ. ಆತನೇ ಕೈ ಎತ್ತಿ ಕೆಡಿಸ್ಕಂಡ."

ಲಾಲ್‌ಸಾಬ ದಿನಾ ಬೆಳಿಗ್ಗೆ ಕೇರಿಗೆ ಹೋಗಿ ದುರುಗಪ್ಪನಿಗೆ ಎಣ್ಣೆ ಹಚ್ಚಿ ಮೈ ಹೊರಳಿಸಿ ಬರತೊಡಗಿದ. ಕಾಟಮ್ಮನೊಬ್ಬಳಿಗೆ ಆ ಮೈ ಏಳುತ್ತಿರಲಿಲ್ಲ. ಗಾದಿ ಒದ್ದೆಯಾಗಿ ಗಂಟು ಬಿದ್ದಾಗ ಬಿಚ್ಚಿ ಒಣಗಿಸಿ ಹಿಂಜಿ ಮತ್ತೆ ಹೊಲಿದು ತರುತ್ತಿದ್ದ. ಮೊದಲ ದಿನ ದುರುಗಪ್ಪ ಅವನ ಮುಖಕ್ಕೆ ಉಗುಳಿದ. ಮುಖ ತಿರುಗಿಸಿಕೊಳ್ಳಲು ಬಾರದವನಿಗೆ ಉಳಿದದ್ದು ಅದೊಂದೇ. ಲಾಲ್‌ಸಾಬ ಒರೆಸಿಕೊಂಡು ಎಣ್ಣೆ ಹಚ್ಚಿದ. ಆಮೇಲೆ ತಿಂಗಳುಗಟ್ಟಲೆ ಮಾತಿಲ್ಲ. ಬಂದ ನೆಂಟರಿಷ್ಟರೆಲ್ಲ "ಇನ್ನೊಂದು ಮಳೆಗಾಲ ಕಳೀಲಿ, ಎದ್ದು ಓಡಾಡ್ತಾನೆ" ಎಂದು ಕಾಟಮ್ಮನಿಗೆ ಹೇಳಿ ಹೋಗುತ್ತಿದ್ದರು. ಅವಳು ನಂಬಿ, ಒಂದೊಂದು ದೇವರಿಗೆ ಒಂದೊಂದು ಹರಕೆ ಹೊತ್ತಿದ್ದಳು.

ಎಂಬತ್ತರ ದೀಪಾವಳಿಯ ಸುಮಾರಿಗೆ ಒಂದು ಬೆಳಿಗ್ಗೆ ದುರುಗಪ್ಪ ತಾನಾಗಿ ಬಾಯಿ ಬಿಟ್ಟ.

"ಜಗಳೂರಿಗೆ ಹೋಗಿದ್ಯಂತಲ್ಲ."

"ಹೋಗಿದ್ದೆ."

"ಏನಂತ ಕೇಳ್ದೆ ಅವನನ್ನ?"

"ಕೆಡವಬ್ಯಾಡ ಅಂತ."

"ಕೇಳಲಿಲ್ಲ ನೀನು. ಬೇಡಿದೆ." ದುರುಗಪ್ಪನ ಕಣ್ಣು ಸೂರಿನ ಗರಿಯ ಮೇಲಿತ್ತು. "ನಮ್ಮಪ್ಪ ಬೇಡ್ದ. ನಮ್ಮಜ್ಜ ಬೇಡ್ದ. ಗಣಿಯಾಗೆ ನಾನೂ ಬೇಡಿದ್ದೆ. ಆ ಮಣ್ಣಿನಾಗೆ ಒಂದೇ ಬೇಡಿರ್ಲಿಲ್ಲ ಕಣೋ ಲಾಲ್ಯಾ. ನೀನು ಹೋಗಿ ನನ್ನ ಹೆಸರಾಗೆ ಅಲ್ಲೂ ಬೇಡಿ ಬಂದೆ."

ಲಾಲ್‌ಸಾಬ ಎಣ್ಣೆಯ ಬಟ್ಟಲಿಗೆ ಬೆರಳು ಅದ್ದಿದ.

"ನೀನು ಬೀಳ್ತೀಯ ಅಂತ ಹೇಳಿದ್ರೆ ಇಳೀತಿರ್ಲಿಲ್ವಾ?"

"ಇಳೀತಿದ್ದೆ. ಸೋಲ್ತಿದ್ದೆ. ಗೊತ್ತಿದ್ದು ಬಿದ್ರೆ ಕತ್ತು ಒಳಗೆ ತಗಂಡು ಬೀಳ್ತಿದ್ದೆ. ಬೀಳೋದು ನಂಗೆ ಗೊತ್ತಿಲ್ವೇನೋ? ನನ್ನ ಕಾಲ ಮೇಲೆ ಮನೆಗೆ ಬಂದು, ಹುಡುಗರಿಗೆ ಇನ್ನೊಂದು ದಾರಿ ಹುಡುಕೋಣ ಅಂತಿದ್ದೆ."

ಹೊರಗೆ ಕಾಟಮ್ಮ ಒನಕೆಯಿಂದ ಕುಟ್ಟುವ ಸದ್ದು ಬರುತ್ತಿತ್ತು. ದುರುಗಪ್ಪ ಸ್ವಲ್ಪ ಹೊತ್ತು ಕೆಮ್ಮಿದ.

"ಕಾಲು ಬರ್ತಾವಾ?" ಎಂದು ಕೇಳಿದ. "ದಿನಾ ಮುಟ್ತೀಯ. ನಿನ್ನ ಕೈಗೆ ಏನ್ ತಿಳೀತೈತೆ ಹೇಳು."

ಲಾಲ್‌ಸಾಬನ ಕೈ ಅವನ ಮೀನಖಂಡದ ಮೇಲಿತ್ತು. ಹಿಂಜದ ಹತ್ತಿಯ ಹಾಗೆ ತಣ್ಣಗೆ, ಭಾರವಾಗಿ.

"ಬರಂಗಿಲ್ಲ ದುರುಗ."

"ಬಲಗೈ?"

"ಅದೂ ಇಲ್ಲ."

ಒನಕೆಯ ಸದ್ದು ನಿಂತಿತ್ತು. ಕಾಟಮ್ಮ ಒನಕೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಳು.

"ಈಗ ಬಂತೇನ್ರೀ ಸಾಬ್ರೆ, ಹೇಳಾಕೆ ಬಾಯಿ?"

ಲಾಲ್‌ಸಾಬ ಮೀನಖಂಡದ ಮೇಲಿಂದ ಕೈ ತೆಗೆದ.

"ಬಿಡೇ," ಎಂದ ದುರುಗಪ್ಪ. "ಹರಕೆ ಸಾಕು ಮಾಡು ಇನ್ನ." ಆಮೇಲೆ ಲಾಲ್‌ಸಾಬನಿಗೆ, "ಈ ಮಗ್ಗುಲು ಉರೀತೈತೆ. ಆ ಕಡೆ ಹಾಕು" ಎಂದ.

ಲಾಲ್‌ಸಾಬ ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು ಅವನನ್ನು ಗೋಡೆಯ ಕಡೆಗೆ ಹೊರಳಿಸಿದ. ಆಮೇಲೂ ನಾಲ್ಕು ವರ್ಷ ದುರುಗಪ್ಪ ಬದುಕಿದ್ದ. ಲಾಲ್‌ಸಾಬ ದಿನಾ ಬಂದು ಹೊರಳಿಸುತ್ತಿದ್ದ.